ಜೇಬಿನಲ್ಲಿಟ್ಟ ಹೆಸರು

ಫೆಬ್ರವರಿ ೩, ಸೋಮವಾರ

ಒಪ್ಪಂದಕ್ಕೆ ಸಹಿ ಹಾಕಿ ಬಂದೆ. ಬಂದವಳೇ ಈ ನೋಟ್‌ಬುಕ್ ಹುಡುಕಿ ತೆಗೆದೆ. ದೊಡ್ಡ ಪಾತ್ರ ಸಿಕ್ಕ ದಿನದಿಂದ ದಿನಚರಿ ಬರೆಯುತ್ತೇನೆ ಎಂದು ಹಿಂದೆಂದೋ ಕೊಂಡಿದ್ದು. ಹನ್ನೊಂದು ವರ್ಷ ಕಪಾಟಿನಲ್ಲಿ ಖಾಲಿ ಬಿದ್ದು ಹಾಳೆಯ ಅಂಚೆಲ್ಲ ಹಳದಿಯಾಗಿದೆ.

ಇಪ್ಪತ್ತೆಂಟು ವರ್ಷ ನಟಿಸಿದ್ದೇನೆ. ನರ್ಸ್, ಪಕ್ಕದ ಮನೆಯವಳು, ತೀರ್ಪು ಓದುವ ನ್ಯಾಯಾಧೀಶೆ, ಹೆಣ ಕಂಡು ಬಾಯಿಗೆ ಕೈ ಅಡ್ಡ ಹಿಡಿಯುವವಳು. ಎಲ್ಲ ಒಂದೆರಡು ದೃಶ್ಯದ ಪಾತ್ರಗಳು. "ನಿನ್ನ ಸಿನಿಮಾಗೆ ಹೋದ್ರೆ ಕಣ್ಣು ಮಿಟುಕಿಸೋ ಹಾಗಿಲ್ಲ ಅಕ್ಕ, ಅಷ್ಟರಲ್ಲಿ ಮುಗಿದುಹೋಗಿರುತ್ತೆ" ಎನ್ನುತ್ತಾಳೆ ತಂಗಿ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಕಣ್ಣು ಬಿಟ್ಟು ಬೇರೆ ತಮಾಷೆ ಅವಳಿಗೆ ಬರುವುದಿಲ್ಲ.

ಈ ಸಲ ಇಡೀ ಸಿನಿಮಾ ನನ್ನ ಮೇಲೆ ನಿಂತಿದೆ. ಚಿಕ್ಕವರಿದ್ದಾಗ ಕೇಳಿದ ಕಥೆಯೇ. ಕಾಡಿನ ಮುದುಕಿಯೊಬ್ಬಳು ದಾರಿ ತಪ್ಪಿದ ಮಗುವಿನ ಹೆಸರನ್ನು ಕಿತ್ತಿಟ್ಟುಕೊಳ್ಳುತ್ತಾಳೆ. ಹೆಸರಿಲ್ಲದ ಮಗುವಿಗೆ ಯಾರು ಕರೆದರೂ ಕೇಳಿಸುವುದಿಲ್ಲ, ಮನೆಯ ದಾರಿ ನೆನಪಾಗುವುದಿಲ್ಲ. ಕೊನೆಗೆ ತಾಯಿ ಹುಡುಕಿಕೊಂಡು ಬಂದು, ಮುದುಕಿಯನ್ನು ಬಾವಿಗೆ ತಳ್ಳಿ, ಹೆಸರನ್ನೂ ಮಗುವನ್ನೂ ಬಿಡಿಸಿಕೊಂಡು ಹೋಗುತ್ತಾಳೆ. ಇದುವರೆಗೆ ಬೊಂಬೆಯಾಟದಲ್ಲಿ, ಕಾರ್ಟೂನಿನಲ್ಲಿ ಬಂದ ಕಥೆ. ಈಗ ನಿಜವಾದ ಮನುಷ್ಯರನ್ನಿಟ್ಟು ತೆಗೆಯುತ್ತಿದ್ದಾರೆ, ಅದೂ ಮುದುಕಿಯ ಕಡೆಯಿಂದ.

ನಿರ್ದೇಶಕ ಇನ್ನೂ ಮೂವತ್ತು ತುಂಬದ ಹುಡುಗ. "ಅವಳು ಕೆಟ್ಟವಳಲ್ಲ ಅಮ್ಮ. ಯಾರೂ ಅವಳನ್ನ ಕೂರಿಸಿಕೊಂಡು ಕೇಳಿಲ್ಲ, ಅಷ್ಟೇ" ಎಂದ. ಅವನ ಚಿತ್ರಕಥೆಯಲ್ಲಿ ಬರಗಾಲಕ್ಕೆ ಹೆದರಿ ಮನೆಯವರೇ ಮಗುವನ್ನು ಕಾಡಿನಂಚಿನಲ್ಲಿ ಬಿಟ್ಟುಹೋಗಿರುತ್ತಾರೆ. ಕರೆದವರ ಹಿಂದೆ ಹೋಗುವ ವಯಸ್ಸು. ಮತ್ತೆ ಅವರೇ ಬಂದು ಕರೆದರೆ ಮತ್ತೆ ಹೋಗುತ್ತದೆ, ಮತ್ತೆ ಬಿಟ್ಟುಹೋಗುತ್ತಾರೆ. ಅದಕ್ಕೇ ಮುದುಕಿ ಹೆಸರನ್ನು ಬಚ್ಚಿಡುತ್ತಾಳೆ.

ಓದಿ ಮುಗಿಸಿದಾಗ ಮುದುಕಿಯ ಬಗ್ಗೆ ಪಾಪ ಅನಿಸಿತು.

ಫೆಬ್ರವರಿ ೧೦, ಸೋಮವಾರ

ಮೊದಲ ದಿನ. ಸೆಟ್ ಹಾಕಿರುವುದು ಮುಚ್ಚಿಹೋದ ಮರ ಕೊಯ್ಯುವ ಮಿಲ್ಲಿನೊಳಗೆ. ಹೊರಗೆ ಲಾರಿಗಳ ಸದ್ದು, ಬಾಗಿಲು ದಾಟಿದರೆ ಕಾಡು. ತಂತಿ, ಗೋಣಿ, ಪ್ಲಾಸ್ಟರಿನಿಂದ ಮಾಡಿದ ಮರಗಳು, ತಟ್ಟಿದರೆ ಟೊಳ್ಳು. ಗುಡಿಸಲಿಗೆ ಮೂರು ಗೋಡೆ. ನಾಲ್ಕನೆಯದಕ್ಕೆ ಚಕ್ರವಿದೆ, ಕ್ಯಾಮೆರಾ ಬಂದಾಗ ತಳ್ಳುತ್ತಾರೆ. ಎದೆಯೆತ್ತರದ ಬಾವಿ, ತಳದಲ್ಲಿ ಎರಡು ಹಾಸಿಗೆ.

ಮೇಕಪ್ಪಿಗೆ ಮೂರು ಗಂಟೆ ಹಿಡಿಯಿತು. ಕೆನ್ನೆಗೆ ರಬ್ಬರಿನ ಸುಕ್ಕು, ನರೆಗೂದಲ ವಿಗ್, ಎಡಗಣ್ಣಿಗೆ ಹಾಲಿನ ಬಣ್ಣದ ಲೆನ್ಸ್, ಮೇಲೆ ದೊಡ್ಡ ಜೇಬಿನ ಕಂದು ನಿಲುವಂಗಿ. ಲೆನ್ಸ್ ಆರು ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಬೇಡ ಎಂದು ತಂಗಿ ಬೆಳಿಗ್ಗೆ ಹತ್ತು ಸಲ ಹೇಳಿದ್ದಳು.

ಮಗುವಿನ ಪಾತ್ರಕ್ಕೆ ಏಳು ವರ್ಷದ ಹುಡುಗಿ ಬಂದಿದ್ದಾಳೆ. ಮುಂದಿನ ಎರಡು ಹಲ್ಲಿಲ್ಲ. ನನ್ನ ಮುಖ ಕಂಡು ಅಳುತ್ತಾಳೆ ಎಂದು ಎಲ್ಲರೂ ಹೆದರಿದ್ದರು. ಅವಳು ನೆಟ್ಟಗೆ ಬಂದು ನನ್ನ ಕೆನ್ನೆಯ ಸುಕ್ಕನ್ನು ಬೆರಳಲ್ಲಿ ಒತ್ತಿ, "ಅಜ್ಜಿ, ಇದು ಸ್ನಾನ ಮಾಡಿದ್ರೆ ಹೋಗುತ್ತಾ?" ಎಂದಳು.

ಅವಳ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಗಂಡ ಇಲ್ಲ, ಇವರಿಬ್ಬರೇ. ನಾನೂ ಹನ್ನೊಂದು ಸಲ ನರ್ಸ್ ಆಗಿದ್ದೇನೆ ಎಂದೆ. "ಹಾಗಾದ್ರೆ ನಾಳೆ ನನ್ನ ವಾರ್ಡ್ ನೀವು ನೋಡ್ಕೊಳ್ಳಿ ಮೇಡಂ, ನಾನಿಲ್ಲಿ ಬಾವಿ ಒಳಗಿನ ಹಾಸಿಗೆ ಮೇಲೆ ಮಲಗಿರ್ತೀನಿ" ಎಂದರು. ಒಳ್ಳೆಯ ಹೆಂಗಸು. ನಗುವಾಗಲೂ ಕಣ್ಣು ನಿದ್ದೆಗೆ ಎಳೆಯುತ್ತಿತ್ತು.

ಫೆಬ್ರವರಿ ೧೩, ಗುರುವಾರ

ಇವತ್ತಿನ ದೃಶ್ಯದಲ್ಲಿ ಊರಿನವರು ಹೊರಗೆ ನಿಂತು ಮಗುವಿನ ಹೆಸರು ಕೂಗಬೇಕು. ಮಗು ಒಳಗೆ ಕೂತು ಕಾಳು ಆರಿಸುತ್ತಿರಬೇಕು, ತಿರುಗಿ ನೋಡಬಾರದು. ಸಹಜವಾಗಿರಲಿ ಎಂದು ಸಿನಿಮಾದಲ್ಲೂ ಅವಳ ಸ್ವಂತ ಹೆಸರನ್ನೇ ಇಟ್ಟಿದ್ದಾರೆ. ಅದೇ ತೊಂದರೆಗೆ ಬಂತು. ಮೂವತ್ತು ಜನ ತನ್ನ ಹೆಸರು ಕೂಗಿದರೆ ಯಾವ ಮಗು ತಿರುಗುವುದಿಲ್ಲ? ಹನ್ನೊಂದು ಟೇಕ್ ಆಯಿತು. ಪ್ರತಿ ಸಲ ಕತ್ತು ತಿರುಗುತ್ತಿತ್ತು, ಪ್ರತಿ ಸಲ ನಿರ್ದೇಶಕ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದ. ಹುಡುಗಿಯ ತುಟಿ ನಡುಗಲು ಶುರುವಾಯಿತು.

ನಾನು ಅವಳನ್ನು ಪ್ಲಾಸ್ಟರ್ ಮರದ ಹಿಂದೆ ಕರೆದೊಯ್ದೆ. "ನಿನ್ನ ಹೆಸರನ್ನ ಸ್ವಲ್ಪ ಹೊತ್ತು ನನ್ನ ಹತ್ರ ಇಟ್ಟಿರು. ಆಮೇಲೆ ಕೊಡ್ತೀನಿ. ಆಗ ಅವರು ಕೂಗೋದು ನಿನ್ನನ್ನಲ್ಲ."

ಅವಳು ಯೋಚಿಸಿದಳು. ನನ್ನ ಅಂಗೈ ಹಿಡಿದು ಬಾಯಿ ಹತ್ತಿರ ತಂದು ಪಿಸುಗುಟ್ಟಿದಳು. ಮತ್ತೆ ಕೈ ಎಳೆದುಕೊಂಡು, "ಮನೇಲಿ ಕರೆಯೋದೂ ಕೊಡ್ಲಾ?" ಎಂದಳು. ಅದನ್ನೂ ಕೊಡು ಎಂದೆ. ಇನ್ನೂ ಮೂರು ಪಿಸುಮಾತು ಬಂದವು. ನಾನು ಮುಷ್ಟಿ ಬಿಗಿ ಹಿಡಿದು ನಿಲುವಂಗಿಯ ಜೇಬಿನೊಳಗೆ ಇಳಿಸಿದೆ.

"ಈಗ ಯಾರನ್ನ ಕೂಗ್ತಾರೆ?"

"ಯಾರನ್ನೋ" ಎಂದಳು.

ಮುಂದಿನ ಟೇಕೇ ಓಕೆ. ಮೂವತ್ತು ಗಂಟಲು ಹರಿದುಹೋಗುವಂತೆ ಕೂಗುತ್ತಿದ್ದವು. ಅವಳ ಬೆನ್ನು ಅಲುಗಲಿಲ್ಲ. ಕಾಳು ಆರಿಸುವ ಬೆರಳು ಕೂಡ ತಡವರಿಸಲಿಲ್ಲ. ಕಟ್ ಅಂದ ಮೇಲೂ ಆರಿಸುತ್ತಲೇ ಇದ್ದಳು. ನಾನು ಹೋಗಿ ಭುಜ ಮುಟ್ಟಬೇಕಾಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿಗಲ್ಲ, ನನಗೆ.

ಫೆಬ್ರವರಿ ೧೪, ಶುಕ್ರವಾರ

ಹುಡುಗಿಯ ಅಮ್ಮ ಬರುತ್ತಲೇ ನಗುತ್ತ, "ನನ್ನ ಮಗಳ ಹೆಸರು ನಿಮ್ಮ ಹತ್ರ ಉಳಿದುಬಿಟ್ಟಿದೆಯಂತೆ ಮೇಡಂ. ಮನೇಲಿ ಎಷ್ಟು ಕರೆದ್ರೂ ತಿರುಗಲಿಲ್ಲ" ಎಂದರು. ನನಗೆ ಪೂರ್ತಿ ಮರೆತೇಹೋಗಿತ್ತು. ಜೇಬಿನಿಂದ ತೆಗೆದು ಅವಳ ಕಿವಿಯಲ್ಲಿ ಊದಿದೆ. ಅಮ್ಮ ಕರೆದರು, ಅವಳು "ಓ" ಎಂದಳು. ಮೂವರೂ ನಕ್ಕೆವು.

ಫೆಬ್ರವರಿ ೧೯, ಬುಧವಾರ

ಈಗ ಅದೇ ಕ್ರಮವಾಗಿದೆ. "ಬೆಳಿಗ್ಗೆ ಇಸ್ಕೊಳ್ಳಿ, ಪ್ಯಾಕಪ್ ಆದ್ಮೇಲೆ ಕೊಡಿ ಅಮ್ಮ. ಹೆಸರಿಲ್ಲದಾಗ ಅವಳ ಮುಖಕ್ಕೆ ಏನೋ ಬರುತ್ತೆ" ಎಂದು ನಿರ್ದೇಶಕನೇ ಹೇಳಿದ. ನಿಜ. ಕ್ಯಾಮೆರಾ ಅವಳ ಮುಖದಲ್ಲಿ ಏನೂ ಹುಡುಕಬೇಕಾಗಿಲ್ಲ. ತೊಳೆದಿಟ್ಟ ಬಟ್ಟಲಿನ ಹಾಗಿರುತ್ತದೆ.

ಊಟದ ಹೊತ್ತಿನಲ್ಲೂ ಅವಳು ನನ್ನ ಪಕ್ಕವೇ ಕೂರುತ್ತಾಳೆ. ಬೇರೆಯವರು ಕರೆದರೆ ಕೇಳುವುದಿಲ್ಲ. ನಾನು ಕರೆಯಬೇಕಾಗಿಯೇ ಇಲ್ಲ. ಜೇಬಿನ ಮೇಲೆ ಕೈಯಿಟ್ಟರೆ ಸಾಕು, ಎಲ್ಲಿದ್ದರೂ ತಲೆ ಎತ್ತುತ್ತಾಳೆ.

ಜೇಬು ಬೆಚ್ಚಗಿರುತ್ತದೆ. ದೀಪಗಳ ಶಾಖಕ್ಕೆ.

ಫೆಬ್ರವರಿ ೨೬, ಬುಧವಾರ

ಅವಳ ಅಮ್ಮ ಇವತ್ತು ಎರಡು ಗಂಟೆ ತಡವಾಗಿ ಬಂದರು. ಐದಕ್ಕೆ ಪ್ಯಾಕಪ್ ಆಗಿತ್ತು. ದೀಪದವರು ವೈರು ಸುತ್ತಿಟ್ಟು ಹೋದರು, ಅಡುಗೆಯವರು ಪಾತ್ರೆ ತೊಳೆದು ಹೋದರು. ಮಗು ಗುಡಿಸಲಿನ ಮೆಟ್ಟಿಲ ಮೇಲೆ ನನ್ನ ತೊಡೆಗೆ ತಲೆಯಿಟ್ಟು ಕೂತಿತ್ತು. ಮೇಕಪ್ ತೆಗೆಸಿಕೊಳ್ಳಲು ಏಳೋಣವೆಂದರೆ ನಿಲುವಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಬಿಟ್ಟಿತ್ತು.

"ಅಜ್ಜಿ, ಹೆಸರಿಲ್ದಿದ್ರೆ ಯಾರೂ ಬೈಯೋಕಾಗಲ್ಲ ಅಲ್ವಾ?"

"ಯಾರು ಬೈತಾರೆ ನಿನ್ನ?"

"ಅಮ್ಮ. ನಿದ್ದೆ ಬಂದಾಗ."

ತಾಯಿ ಓಡುತ್ತ ಬಂದಳು. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಇದ್ದಳು. ಬಸ್ಸು ಅಪಘಾತವಂತೆ, ಹದಿನಾಲ್ಕು ಜನರನ್ನು ಒಟ್ಟಿಗೆ ತಂದರಂತೆ, ಬಿಟ್ಟು ಬರಲಾಗಲಿಲ್ಲವಂತೆ. ಅಂತೆ, ಅಂತೆ. ನನ್ನ ಎರಡೂ ಕೈ ಹಿಡಿದು, "ನೀವಿದ್ದೀರಲ್ಲ ಅನ್ನೋ ಒಂದೇ ಧೈರ್ಯ ಮೇಡಂ" ಎಂದಳು. ಬೇರೆಯವರಿಗಾಗಿ ನಿಲ್ಲುವವಳು ತನ್ನ ಮಗುವನ್ನು ಖಾಲಿ ಮಿಲ್ಲಿನಲ್ಲಿ ಬಿಡಬಹುದು ಎಂದಾಯಿತು.

ಆ ಗಡಿಬಿಡಿಯಲ್ಲಿ ಹೆಸರು ಕೊಡಲು ಮರೆತೆ. ಮರೆತೆ ಎಂದರೆ, ನೆನಪಿತ್ತು. ಆದರೆ ಹಾಗೆ ದಾರಿಯಲ್ಲಿ ನಿಂತು ಕೊಡುವ ವಸ್ತುವಲ್ಲ ಅದು.

ನಿಲುವಂಗಿಯನ್ನು ಮನೆಗೇ ತಂದೆ. ಬಟ್ಟೆಯವರ ಕಪಾಟಿಗೆ ಬೀಗವಿಲ್ಲ.

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಚಹಾ ಕೊಡುವಾಗ ತಂಗಿ ನನ್ನ ಮುಖವನ್ನೇ ನೋಡಿದಳು. "ಅಕ್ಕ, ಲೆನ್ಸ್ ತೆಗೀದೇ ಮಲಗಿದ್ದೀಯ."

"ತೆಗೆದಿದ್ದೀನಿ."

ಅಂಗಡಿಯ ಸಣ್ಣ ಟಾರ್ಚ್ ತಂದು, ಎಡಗಣ್ಣಿನ ರೆಪ್ಪೆ ಎತ್ತಿ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ "ಲೆನ್ಸ್ ಇಲ್ಲ" ಎಂದು ಟಾರ್ಚ್ ಆರಿಸಿದಳು. ಯಾವ ತಮಾಷೆಯನ್ನೂ ಮಾಡಲಿಲ್ಲ. ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು, "ನಿನ್ನೆ ಮಧ್ಯಾಹ್ನ ರೂಮಲ್ಲಿ ಯಾರ ಜೊತೆ ಮಾತಾಡ್ತಿದ್ದೆ?" ಎಂದು ಕೇಳಿದಳು. ಮಾತು ಬಾಯಿಪಾಠ ಮಾಡುತ್ತಿದ್ದೆ ಎಂದೆ.

ಅವಳ ಲೋಟದ ಚಹಾ ಹಾಗೇ ಉಳಿದಿತ್ತು.

ಮಾರ್ಚ್ ೬, ಗುರುವಾರ

ಮಗುವಿನ ತಾಯಿ ಬೆಳಿಗ್ಗೆಯೇ ಮೇಕಪ್ ಕೋಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಾನು ತಪ್ಪು ತಿಳ್ಕೊಂಡಿಲ್ಲ ಮೇಡಂ. ಆಟ ಅಂತ ಗೊತ್ತು. ಆದ್ರೆ ಇದು ಎಂಟನೇ ದಿನ. ಶೂಟಿಂಗ್ ಇಲ್ಲದ ದಿನ ಸ್ಕೂಲಿಗೆ ಕಳಿಸಿದ್ದೆ. ಹಾಜರಿ ಕೂಗಿದ್ರೆ ಎದ್ದು ನಿಲ್ಲಲಿಲ್ವಂತೆ. ಟೀಚರ್ ಗೈರುಹಾಜರಿ ಹಾಕಿದ್ದಾರೆ, ಕಣ್ಣೆದುರಿಗೆ ಕೂತಿರೋ ಮಗೂಗೆ. ಪುಟ್ಟಿ ಅಂದೆ, ಚಿನ್ನ ಅಂದೆ. 'ಅದೂ ಕೊಟ್ಟಿದ್ದೀನಮ್ಮ' ಅಂತಾಳೆ."

"ಕಿವಿ ತೋರಿಸಿದ್ರಾ?"

"ತೋರಿಸಿದೆ. ಸೂಜಿ ಬಿದ್ರೂ ಕೇಳಿಸುತ್ತೆ ಅಂದ್ರು ಡಾಕ್ಟರು. ದಯವಿಟ್ಟು ಕೊಟ್ಟುಬಿಡಿ" ಎಂದಳು.

ಮಗುವನ್ನು ಕರೆಸಿ ಕಿವಿಯಲ್ಲಿ ಊದಿದೆ. ತಾಯಿ ಕರೆದಳು. ಮಗು ಮೊದಲು ನನ್ನ ಮುಖ ನೋಡಿತು. ನಾನು ತಲೆ ಅಲ್ಲಾಡಿಸಲಿಲ್ಲ. ಅಲ್ಲಾಡಿದ್ದರೂ ವಿಗ್ಗಿನ ಒಂದು ಕೂದಲು ಅಲುಗಿದಷ್ಟು.

"ಇನ್ನೂ ಬಂದಿಲ್ಲ ಅಮ್ಮ" ಎಂದಿತು ಮಗು.

"ಶೂಟಿಂಗ್ ಮುಗಿಯಲಿ, ತಾನಾಗೇ ಸರಿಹೋಗುತ್ತೆ" ಎಂದು ತಾಯಿಯ ಭುಜ ತಟ್ಟಿ ಕಳಿಸಿದೆ. ಹೋಗುವಾಗ ಬಾಗಿಲಿನಿಂದ ಒಂದು ಸಲ ತಿರುಗಿ ನೋಡಿದಳು, ಮಗುವನ್ನಲ್ಲ, ನನ್ನನ್ನು. ಎಂಟು ದಿನ ಕರೆಸಿಕೊಳ್ಳದಿದ್ದರೆ ಯಾವ ಮಗುವೂ ಸಾಯುವುದಿಲ್ಲ. ಕರೆದು ಕರೆದು ಎಲ್ಲೆಲ್ಲಿ ಬಿಟ್ಟುಹೋಗಿದ್ದಾಳೋ.

ಮಾರ್ಚ್ ೭, ಶುಕ್ರವಾರ

ಮಗು ಇವತ್ತು ಚೆನ್ನಾಗಿ ಮಾಡಿತು. ನಾನೂ.

ಮಾರ್ಚ್ ೧೨, ಬುಧವಾರ

ಕೊನೆಯ ದೃಶ್ಯದ ವಿಚಾರಕ್ಕೆ ನಿರ್ದೇಶಕನ ಜೊತೆ ಮಾತು ಬೆಳೆಯಿತು. ಅವನು ಬರೆದ ಪ್ರಕಾರ ತಾಯಿ ಕಾಡಿಗೆ ಬರುತ್ತಾಳೆ, ಯಾರೂ ಯಾರನ್ನೂ ತಳ್ಳುವುದಿಲ್ಲ. ಮುದುಕಿಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಕಳಿಸಿಕೊಟ್ಟು ತಾನಾಗಿ ಬಾವಿಗೆ ಇಳಿಯುತ್ತಾಳೆ.

"ಅವಳು ಕೊಡಲ್ಲ" ಎಂದೆ.

"ಕೊಡ್ಬೇಕು ಅಮ್ಮ. ಅಲ್ಲೇ ಅವಳು ದೊಡ್ಡವಳಾಗೋದು. ಜನ ಅಳೋದು ಅಲ್ಲೇ."

"ಜನ ಅಳ್ಲಿ. ಮಗೂನ ನಾಳೆ ಮತ್ತೆ ಕಾಡಿಗೆ ತಂದು ಬಿಟ್ರೆ ನೀನು ನೋಡ್ಕೊಳ್ತೀಯಾ?"

ಅವನು ನಕ್ಕು, "ನೀವು ಪಾತ್ರದ ಒಳಗೆ ಎಷ್ಟು ಇಳಿದಿದ್ದೀರಿ ಅಂದ್ರೆ ನನಗೇ ಭಯ ಆಗುತ್ತೆ" ಎಂದ. ಸುತ್ತ ಇದ್ದವರು ನಗಲಿಲ್ಲ. ಮೇಕಪ್ಪಿನವರು ಈಗೀಗ ನನ್ನ ಕೆಲಸವನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. "ಮೊದಲಿನಷ್ಟು ಅಂಟಿಸೋದು ಬೇಕಾಗ್ತಿಲ್ಲ" ಎಂದರು. ಕೈ ಪಳಗಿರಬೇಕು.

ಮಾರ್ಚ್ ೧೪, ಶುಕ್ರವಾರ

ಕೊನೆಯ ದೃಶ್ಯ ಮುಗಿಯಿತು.

ಸಿನಿಮಾದ ತಾಯಿಯ ಪಾತ್ರದವಳು ಎದುರಿಗೆ ಕೈ ಚಾಚಿ ನಿಂತಿದ್ದಳು. ಕ್ಯಾಮೆರಾದ ಹಿಂದೆ, ಟೀ ಕೊಡುವ ಮೇಜಿನ ಹತ್ತಿರ ನಿಜವಾದ ತಾಯಿ ನಿಂತಿದ್ದಳು. ಇವತ್ತು ಕೊಡುತ್ತಾರೆ ಎಂದು ರಜೆ ಹಾಕಿ ಬಂದಿದ್ದಳಂತೆ. ನಾನು ಮಂಡಿಯೂರಿ, ಜೇಬಿನಿಂದ ಮುಷ್ಟಿ ತೆಗೆದು, ಮಗುವಿನ ಕಿವಿಗೆ ಬಾಯಿಟ್ಟೆ. ತುಟಿ ಆಡಿಸಿದೆ. ಮೈಕಿನವನು ಏನೂ ಕೇಳಿಸಲಿಲ್ಲ ಎಂದು ಕೈ ಮಾಡಿದ. ನಿರ್ದೇಶಕ ಬೇಡ, ಮುಂದುವರಿಸಿ ಎಂದು ಸನ್ನೆ ಮಾಡಿದ. ಅವನ ಕಣ್ಣು ತುಂಬಿತ್ತು.

ಆಮೇಲೆ ಎದ್ದು ಬಾವಿಯ ಕಟ್ಟೆ ಹತ್ತಿ ಇಳಿದೆ. ಹಾಸಿಗೆಯ ಮೇಲೆ ಅಂಗಾತ ಮಲಗಿದ್ದಾಗ ಮೇಲೆ ದುಂಡನೆಯ ಬೆಳಕು, ಚಪ್ಪಾಳೆ. ಚಪ್ಪಾಳೆ ನಿಂತ ಮೇಲೆ ಟೀ ಮೇಜಿನ ಕಡೆಯಿಂದ ಆ ಹೆಂಗಸು ಕರೆಯುವುದು ಕೇಳಿಸಿತು. ಒಂದು ಸಲ, ಎರಡು ಸಲ, ಮತ್ತೆ ಮತ್ತೆ. ಮಗುವಿನ ದನಿ ಕೇಳಿಸಲಿಲ್ಲ. ತಳದಲ್ಲಿ ತಂಪಾಗಿತ್ತು. ಯಾರೋ ಬಂದು ಕೈ ಕೊಡುವವರೆಗೆ ನಾನು ಏಳಲಿಲ್ಲ.

ಮಾರ್ಚ್ ೧೫, ಶನಿವಾರ

ಕೆಲಸವಿಲ್ಲ. ನಿಲುವಂಗಿ ವಾಪಸ್ ಕೊಡಿ ಎಂದು ಬಟ್ಟೆಯವರು ಫೋನ್ ಮಾಡಿದರು. ಕಳೆದುಹೋಗಿದೆ ಎಂದೆ.

ಮಾರ್ಚ್ ೨೪, ಸೋಮವಾರ

ಆ ಹೆಂಗಸಿನ ಫೋನ್ ದಿನಕ್ಕೆ ನಾಲ್ಕು ಸಲ ಬರುತ್ತದೆ. ಎತ್ತುವುದಿಲ್ಲ. ನಾನೇನು ಅವಳ ಮನೆಯ ಆಳೇ?

ಮಧ್ಯಾಹ್ನ ತಂಗಿ ಕೆಲಸಕ್ಕೆ ಹೋದ ಮೇಲೆ ನಿಲುವಂಗಿಯನ್ನು ಮಂಚದ ಮೇಲೆ ಹರಡುತ್ತೇನೆ. ಕೊಳೆಯಾಗಿದೆ, ಒಗೆಯಲು ಮನಸ್ಸು ಬರುವುದಿಲ್ಲ. ಇವತ್ತು ಸುಮ್ಮನೆ, ಇದೆಯೋ ಇಲ್ಲವೋ ನೋಡೋಣ ಎಂದು, ಮೆಲ್ಲಗೆ ಒಂದು ಸಲ ಹೆಸರು ಹಿಡಿದು ಕರೆದೆ.

"ಓ" ಎಂದಿತು.

ಕೆಳಗಿನ ಮನೆಯ ಮಕ್ಕಳಿರಬೇಕು. ಸಂಜೆ ತಂಗಿಗೆ ಹೇಳಿದರೆ, ಕೆಳಗಿನ ಮನೆ ಖಾಲಿಯಾಗಿ ಒಂದು ತಿಂಗಳಾಯಿತು ಎಂದಳು. ಹಾಗಾದರೆ ಬೀದಿಯಲ್ಲಿ ಯಾರೋ ಇದ್ದರು.

ಮಾರ್ಚ್ ೨೯, ಶನಿವಾರ

ತಂಗಿ ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಬಿಡದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

"ಆ ಮಗುವಿನ ಅಮ್ಮ ಅಂಗಡಿಗೆ ಬಂದಿದ್ರು. ನೀನು ಫೋನ್ ತೆಗೀತಿಲ್ಲ ಅಂತ ನನ್ನ ಹುಡುಕಿಕೊಂಡು."

"ಕನ್ನಡಕ ಬೇಕಿತ್ತೇನೋ."

"ಮಗೂಗೆ ಬೈಕ್ ತಗುಲಿದೆ ಅಕ್ಕ." ಅವಳ ದನಿ ಸಣ್ಣದಾಗಿತ್ತು. "ರಸ್ತೆ ದಾಟುವಾಗ. ಅಮ್ಮ ಹಿಂದಿನಿಂದ ಕೂಗಿದ್ದಾರೆ, ಇಡೀ ಬೀದಿ ತಿರುಗಿ ನೋಡಿದೆ, ಅವಳೊಬ್ಬಳು ನೋಡಿಲ್ಲ. ಮೊಣಕೈ ಒಡೆದಿದೆ. ಸದ್ಯ, ಅಷ್ಟೇ ಆಗಿದೆ. ಮುಂದಿನ ಸಲ ಬೈಕ್ ಆಗಿರಲ್ಲ."

"ಮಗೂನ ರಸ್ತೇಲಿ ಕೈ ಬಿಟ್ಟವರು ಯಾರು?"

ತಂಗಿ ಗೋಡೆಗೆ ಒರಗಿದಳು. ನನ್ನನ್ನು ಎಂದೂ ಹಾಗೆ ನೋಡಿದವಳಲ್ಲ. "ಅಮ್ಮ ಹೋದ್ಮೇಲೆ ನನ್ನ ಸಾಕಿದವಳು ನೀನು. ಏಳು ವರ್ಷ ನನಗಾಗ. ನನ್ನ ಹೆಸರು ಕರೆದು ಕರೆದು ಊಟಕ್ಕೆ ಎಬ್ಬಿಸ್ತಿದ್ದೆ. ಆ ಅಕ್ಕ ಎಲ್ಲಿ?"

ಇದ್ದೀನಲ್ಲ ಎಂದೆ.

"ಹಾಗಾದ್ರೆ ಕರಿ ನೋಡೋಣ ನನ್ನ."

ಬಾಯಿ ತೆರೆದೆ. ಅವಳ ಹೆಸರು ತುದಿನಾಲಿಗೆಯಲ್ಲಿತ್ತು. ಹೀಗೆ ಏಕಾಏಕಿ ಕೇಳಿದರೆ ಯಾರಿಗಾದರೂ ಮರೆಯುತ್ತದೆ. ತಂಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕೆನ್ನೆ ಒರೆಸಿಕೊಂಡು, "ನಾಳೆ ಬರೋಕೆ ಹೇಳಿದ್ದೀನಿ ಅವರಿಗೆ. ಕೊಟ್ಟುಬಿಡು" ಎಂದು ಒಳಗೆ ಹೋದಳು.

ಮಾರ್ಚ್ ೩೦, ಭಾನುವಾರ

ಹತ್ತು ಗಂಟೆಗೆ ಬಂದರು. ಮೂರು ಮಹಡಿ ಹತ್ತಿ ಆ ಹೆಂಗಸಿಗೆ ಏದುಸಿರು. ಕಣ್ಣ ಕೆಳಗೆ ಕಪ್ಪು. ಒಂದು ಕೈಯಲ್ಲಿ ಮಗುವಿನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದಳು. ಮಗುವಿನ ಮೊಣಕೈಗೆ ಪಟ್ಟಿ, ಗದ್ದದ ಮೇಲೆ ಒಣಗಿದ ಗಾಯ. ಮುಂದಿನ ಒಂದು ಹಲ್ಲು ಮೊಳಕೆಯೊಡೆದಿದೆ. ನಾನು ಮೇಕಪ್ಪಿನಲ್ಲಿಲ್ಲ, ಗುರುತು ಹಿಡಿಯುತ್ತದೋ ಇಲ್ಲವೋ ಎಂಬ ಅಳುಕಿತ್ತು. ಮಗು ಅರೆಗಳಿಗೆಯೂ ತಡೆಯದೆ "ಅಜ್ಜಿ" ಎಂದು ಬಂದು ತಬ್ಬಿಕೊಂಡಿತು.

ಆ ಹೆಂಗಸು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. "ನಾನು ಇಂಥದ್ದನ್ನೆಲ್ಲ ನಂಬೋಳಲ್ಲ ಮೇಡಂ" ಎಂದಳು. "ವಾರ್ಡಲ್ಲಿ ಎಂಥೆಂಥವರನ್ನೋ ನೋಡಿದ್ದೀನಿ. ನನಗೆ ಕಾರಣ ಬೇಡ. ಯಾರ ಮೇಲೂ ಸಿಟ್ಟಿಲ್ಲ. ನಾನು ಕೂಗಿದಾಗ ನನ್ನ ಮಗಳು ನಿಲ್ಲಬೇಕು. ಅಷ್ಟೇ ಸಾಕು."

ಮಗುವನ್ನು ನನ್ನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಕೊಡಬೇಕೆಂದೇ ಕರೆದುಕೊಂಡು ಹೋಗಿದ್ದು. ಅದನ್ನು ಇಲ್ಲಿ ಬರೆದಿಡುತ್ತೇನೆ.

ಮಗು ಮಂಚದ ಮೇಲೆ, ನಿಲುವಂಗಿಯ ಪಕ್ಕ ಕಾಲು ಇಳಿಬಿಟ್ಟು ಕೂತಿತು. "ಅಜ್ಜಿ, ಬೈಕ್ ಬಂತು. ಅಮ್ಮ ಕೂಗಿದ್ಲು. ನಂಗೆ ಕೇಳಿಸ್ತು. ಆದ್ರೆ ಯಾರನ್ನೋ ಕೂಗ್ತಿದ್ದಾಳೆ ಅನಿಸ್ತು. ಪಾಪ, ಅವರು ತಿರುಗ್ತಾನೇ ಇಲ್ವಲ್ಲ ಅಂದ್ಕೊಂಡೆ."

"ನೋವಾಯ್ತಾ?"

"ಆಯ್ತು. ಈಗ ಕೊಡು ಅಜ್ಜಿ."

ಜೇಬಿಗೆ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು. ಕಿಟಕಿ ಮುಚ್ಚಿತ್ತು, ದೀಪ ಹಾಕಿರಲಿಲ್ಲ, ಆದರೂ ಬೆಚ್ಚಗಿತ್ತು. ಮೂಲೆಯಲ್ಲಿ ಮುದುರಿ ಮಲಗಿರುವ ಹಾಗೆ. ಒಂದು ತಿಂಗಳಿನಿಂದ ನನ್ನ ಬಳಿಯೇ ಇದೆ. ನಾನು ಕರೆದರೆ ಓ ಎನ್ನುತ್ತದೆ. ಅದನ್ನು ಎಬ್ಬಿಸಿ, ಬಸ್ಸು ಬೈಕುಗಳ ನಡುವೆ, ನಿದ್ದೆಗಣ್ಣಿನ ಹೆಂಗಸಿನ ಬಾಯಿಗೆ ಹಾಕಿ ಕಳಿಸಬೇಕು. ನನ್ನ ಕೈ ಹಾಗೇ ಖಾಲಿ ಹೊರಗೆ ಬಂತು.

ಮಗು ಕಿವಿಯೊಡ್ಡಿ ಕ್ಷಣಕ್ಷಣಕ್ಕೂ ಹತ್ತಿರ ಬರುತ್ತಿತ್ತು. ಏನಾದರೂ ಹೇಳಲೇಬೇಕಿತ್ತು. ಆಗ ಬೇರೊಂದು ಹೆಸರು ಬಾಯಿಗೆ ಬಂತು. ಎಲ್ಲಿಂದ ಬಂತೋ ತಿಳಿಯದು, ನಾನು ಎಂದೂ ಕೇಳಿದ್ದಲ್ಲ. ಅದನ್ನು ಕಿವಿಯಲ್ಲಿ ಊದಿದೆ.

ಮಗು ಹೊಸ ಅಂಗಿ ತೊಟ್ಟವರ ಹಾಗೆ ಭುಜ ಅಲುಗಿಸಿತು. "ಇದು ನಂದಾ?"

"ನಿಂದೇ."

"ಸ್ವಲ್ಪ ದೊಡ್ಡದು ಅನಿಸುತ್ತೆ."

"ಬೆಳೀತೀಯ. ಸರಿಹೋಗುತ್ತೆ."

ಬಾಗಿಲು ತೆಗೆದೆ. ಆ ಹೆಂಗಸು ಎದ್ದು ನಿಂತು ಮಗಳನ್ನು ಕರೆದಳು, ಹಳೆಯ ಹೆಸರಿನಿಂದ. ಮಗು ಗೋಡೆಯ ಕ್ಯಾಲೆಂಡರಿನ ಚಿತ್ರ ನೋಡುತ್ತಿತ್ತು. ಮತ್ತೆ ಕರೆದಳು. ಮೂರನೆಯ ಸಲವೂ ಕರೆದಳು.

ನಾನು ಹಿಂದಿನಿಂದ, ನಾನು ಕೊಟ್ಟದ್ದರಿಂದ ಕರೆದೆ.

"ಓ" ಎಂದು ಮಗು ಥಟ್ಟನೆ ತಿರುಗಿತು.

ತಂಗಿ ಕೈಯಲ್ಲಿದ್ದ ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು.

"ಏನಂದ್ರಿ?" ಎಂದಳು ಆ ಹೆಂಗಸು.

ಇನ್ನೊಂದು ಸಲ ಹೇಳಿದೆ. ಮಗು ಇನ್ನೊಂದು ಸಲ ಓ ಎಂದಿತು.

"ಅದು ಅವಳ ಹೆಸರಲ್ಲ."

"ಈಗ ಅದೇ" ಎಂದೆ. "ಕರೆದ್ರೆ ನಿಲ್ತಾಳೆ. ಅಷ್ಟೇ ತಾನೆ ನೀವು ಕೇಳಿದ್ದು?"

ಅವಳು ನನ್ನ ಮುಖವನ್ನು, ಎಡಗಣ್ಣನ್ನು ನೋಡಿದಳು. ಹೊಡೆಯಲು ಬರುತ್ತಾಳೆ ಎಂದುಕೊಂಡೆ. ಕೈ ಮೇಲೆದ್ದದ್ದು ನಿಜ. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಗಕ್ಕನೆ ಬ್ರೇಕ್ ಹಾಕಿತು. ಅವಳ ಕಣ್ಣು ಮಗುವಿನ ಮೊಣಕೈಯ ಪಟ್ಟಿಗೆ ಹೋಯಿತು. ಕೈ ಇಳಿಯಿತು.

ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎರಡೂ ಕೈ ಹಿಡಿದಳು. ಮೊದಲ ಸಲ ತುಟಿ ಆಡಿತು, ದನಿ ಬರಲಿಲ್ಲ. ಎರಡನೆಯ ಸಲ ಬಂತು. ಚೀಟಿಯಲ್ಲಿ ಬರೆದ ಮಾತ್ರೆಯ ಹೆಸರನ್ನು ತಪ್ಪಿಲ್ಲದೆ ಓದುವವರ ಹಾಗೆ ಅಕ್ಷರ ಅಕ್ಷರವಾಗಿ.

"ಓ ಅಮ್ಮ" ಎಂದು ಮಗು ಅವಳ ಕುತ್ತಿಗೆಗೆ ಜೋತುಬಿದ್ದಿತು.

ಅವಳು ಮಗುವಿನ ಕೂದಲಲ್ಲಿ ಮುಖ ಹುದುಗಿಸಿ ತುಂಬ ಹೊತ್ತು ಹಾಗೇ ಇದ್ದಳು. ಬೆನ್ನು ಅಲುಗುತ್ತಿತ್ತು, ಸದ್ದಿರಲಿಲ್ಲ. ಎದ್ದಾಗ ಮುಖ ಒಣಗಿತ್ತು. ನನ್ನ ಕಡೆ ನೋಡದೆ ಹೊರಟಳು. ತಂಗಿ ತನ್ನ ಚೀಲಕ್ಕೆ ಎರಡು ಜೊತೆ ಬಟ್ಟೆ ತುರುಕಿಕೊಂಡು, ಅವರನ್ನು ಬಸ್ಸಿಗೆ ಹತ್ತಿಸಿ ಬರುತ್ತೇನೆ ಎಂದು ಹಿಂದೆಯೇ ಹೋದಳು. ಸಂಜೆಯಾಯಿತು, ಇನ್ನೂ ಬಂದಿಲ್ಲ.

ಮೆಟ್ಟಿಲಿಳಿಯುವಾಗ ಒಂದೊಂದು ಮಹಡಿಯಲ್ಲೂ ಆ ಹೆಂಗಸು ನಿಂತು ಕರೆಯುವುದು ಕೇಳಿಸುತ್ತಿತ್ತು. ಪ್ರತಿ ಸಲವೂ ಮಗು ಓ ಎನ್ನುತ್ತಿತ್ತು. ನಾನು ಕಿಟಕಿ ತೆರೆದು ನೋಡಿದೆ. ರಸ್ತೆಯ ಅಂಚಿನಲ್ಲಿ ಮಗು ಕೈ ಬಿಡಿಸಿಕೊಂಡು ಮುಂದೆ ಓಡಿತು. ಲಾರಿಯೊಂದು ಬರುತ್ತಿತ್ತು. ಅವಳು ಕೂಗಿದಳು. ಈ ಸಲ ಅಕ್ಷರ ಹುಡುಕಲಿಲ್ಲ, ಹೆತ್ತ ದಿನದಿಂದ ಕರೆಯುತ್ತಿದ್ದವಳ ಹಾಗೆ ಒಂದೇ ಉಸಿರಿಗೆ ಕೂಗಿದಳು. ಮಗು ಕಲ್ಲಿನ ಹಾಗೆ ನಿಂತಿತು. ಲಾರಿ ದಾಟಿ ಹೋಯಿತು.

ಒಳ್ಳೆಯ ಹೆಂಗಸು. ಬೇಗ ಕಲಿತಳು.